ಹುಳುವಿಗಿಂತ ಮೊದಲು ಸೊಪ್ಪು

ಟಿಪ್ಪು ಸುಲ್ತಾನನ ಹೆಸರೆತ್ತಿದೊಡನೆ ನಮ್ಮಲ್ಲಿ ಎರಡು ಗುಂಪುಗಳಾಗುತ್ತವೆ. ಹೊಗಳುವವರಿಗೂ ಅವನ ಖಡ್ಗವೇ ಬೇಕು, ತೆಗಳುವವರಿಗೂ ಅವನ ಖಡ್ಗವೇ ಬೇಕು. ಯುದ್ಧಭೂಮಿಯನ್ನು ಬಿಟ್ಟು ಈಚೆ ಬರಲು ಇಬ್ಬರಿಗೂ ಮನಸ್ಸಿಲ್ಲ. ಈ ಗದ್ದಲದಲ್ಲಿ ನಾವು ಮರೆತದ್ದು ಅವನ ಕಾಗದಪತ್ರಗಳನ್ನು. ಖಡ್ಗ ಎಂದೋ ವಸ್ತುಸಂಗ್ರಹಾಲಯ ಸೇರಿತು. ಆ ಕಾಗದಗಳಲ್ಲಿದ್ದ ಒಂದು ಯೋಚನೆ ಮಾತ್ರ ಇಂದಿಗೂ ಲಕ್ಷಾಂತರ ಮನೆಗಳ ಒಲೆ ಹೊತ್ತಿಸುತ್ತಿದೆ.

ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿ ದೊರೆತ ಫಾರ್ಸಿ ಪತ್ರಗಳಲ್ಲಿ ಕೆಲವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಕಂಪನಿಯ ಅಧಿಕಾರಿ ಇಂಗ್ಲಿಷಿಗೆ ತಂದು 1811ರಲ್ಲಿ ಪ್ರಕಟಿಸಿದ. ಟಿಪ್ಪುವಿನ ಬಗ್ಗೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ಆದರೂ ಆ ಪುಸ್ತಕದಲ್ಲಿ 1786ರ ಸೆಪ್ಟೆಂಬರಿನ ಒಂದು ಪತ್ರ ಉಳಿದುಕೊಂಡಿತು. ಅದು ಶ್ರೀರಂಗಪಟ್ಟಣದ ಕಿಲ್ಲೇದಾರ ಸೈಯದ್ ಮುಹಮ್ಮದನಿಗೆ ಬರೆದದ್ದು. ರೇಷ್ಮೆಹುಳು ತರಲೆಂದು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಮರಳಿ ಬರುತ್ತಿದ್ದಾರೆ, ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕೆಂದು ಅವರನ್ನೇ ಕೇಳಿ ವ್ಯವಸ್ಥೆ ಮಾಡು, ಎಷ್ಟು ಹುಳು ಬಂದಿವೆ, ಅವು ಹೆಚ್ಚುವ ಬಗೆ ಹೇಗೆ ಎಂಬುದನ್ನು ಬರೆದು ತಿಳಿಸು ಎಂಬುದು ಅದರ ಸಾರಾಂಶ.

ಆ ಪತ್ರದಲ್ಲಿ ನಮ್ಮ ಗಮನ ಸೆಳೆಯುವುದು ಇನ್ನೊಂದು ಮಾತು. ಹುಳುಗಳ ಆಹಾರಕ್ಕೆ, ಈ ಮೊದಲೇ ನೆಡಲು ಆಜ್ಞೆ ಮಾಡಿದ್ದ ಹಿಪ್ಪುನೇರಳೆ ಗಿಡಗಳ ಎಲೆ ಕೊಡಬೇಕೆಂದು ಸುಲ್ತಾನ ಸೂಚಿಸುತ್ತಾನೆ. ಹುಳು ಇನ್ನೂ ದಾರಿಯಲ್ಲಿದೆ, ಸೊಪ್ಪಿನ ಏರ್ಪಾಡು ಆಗಲೇ ಆಗಿದೆ!

ರೇಷ್ಮೆ ಸಾಕುವ ಮನೆಯವರಿಗೆ ಇದರ ಬೆಲೆ ಗೊತ್ತು. ಮೊಟ್ಟೆಯೊಡೆದ ಹುಳು ನಾಳೆಯವರೆಗೆ ಕಾಯುವುದಿಲ್ಲ. ನಾಲ್ಕು ಸಲ ಜ್ವರಕ್ಕೆ ಕೂತು ಎದ್ದು ಹಣ್ಣಾಗುವ ಹೊತ್ತಿಗೆ ಸುಮಾರು ಒಂದು ತಿಂಗಳು. ಕೊನೆಯ ಹಂತದಲ್ಲಂತೂ ಅದರ ಹಸಿವಿಗೆ ಹಗಲು ರಾತ್ರಿಗಳ ಭೇದವಿಲ್ಲ. ನೆಟ್ಟ ಗಿಡ ಸೊಪ್ಪು ಕೊಡಲು ತಿಂಗಳುಗಳೇ ಬೇಕು. ಮೊದಲು ಹುಳು ತಂದು ಆಮೇಲೆ ಸೊಪ್ಪು ಹುಡುಕಹೊರಟವನ ಮನೆಯಲ್ಲಿ ಉಳಿಯುವುದು ಖಾಲಿ ತಟ್ಟೆ ಮಾತ್ರ.

ಟಿಪ್ಪುವಿನ ವ್ಯಾಪಾರದ ಯೋಚನೆ ರೇಷ್ಮೆಗೆ ನಿಲ್ಲಲಿಲ್ಲ. ಮಸ್ಕತ್‌ನಲ್ಲಿ ಮೈಸೂರಿನ ಕೋಠಿ ಇತ್ತು. ಮಲೆನಾಡಿನ ಮೆಣಸು, ಏಲಕ್ಕಿ, ಗಂಧ ಅಲ್ಲಿಗೆ ಹೋಗುತ್ತಿದ್ದವು. ಅಲ್ಲಿನ ದರೋಗನಿಗೂ ರೇಷ್ಮೆಹುಳು, ಅದನ್ನು ಸಾಕಬಲ್ಲವರನ್ನು ಹುಡುಕಿ ಕಳಿಸುವಂತೆ ಪತ್ರ ಹೋಗಿತ್ತು. ಮುಂದೆ ಬಂದ ವ್ಯಾಪಾರದ ನಿಯಮಗಳಲ್ಲಿ ಪ್ರಜೆಗಳೂ ಸರ್ಕಾರದ ವ್ಯಾಪಾರದಲ್ಲಿ ಹಣ ತೊಡಗಿಸಬಹುದಿತ್ತು. ಹೆಚ್ಚು ಹಣ ಹಾಕಿದವನಿಗೆ ಕಡಿಮೆ ದರದ ಲಾಭ, ಕಡಿಮೆ ಹಾಕಿದವನಿಗೆ ಹೆಚ್ಚು ದರದ ಲಾಭ ಎಂಬುದು ಅಲ್ಲಿನ ಲೆಕ್ಕ. ಚಿಕ್ಕವನು ನಿಲ್ಲದೆ ದೊಡ್ಡ ಕೆಲಸ ನಿಲ್ಲದು ಎಂಬ ತಿಳಿವಳಿಕೆ ಇದರ ಹಿಂದಿರಬೇಕು.

ಹಾಗೆಂದು ನಾವು ಇದನ್ನು ಬರೀ ಹೊಗಳಿಕೆಯಾಗಿ ಬರೆಯಹೊರಟಿಲ್ಲ. ಸರ್ಕಾರವೇ ವರ್ತಕನಾದಾಗ ಖಾಸಗಿ ವರ್ತಕರಿಗೆ ಉಸಿರುಕಟ್ಟಿತು ಎಂಬುದೂ ಸತ್ಯ. ಎಂಥ ಯೋಜನೆಯೂ ಯುದ್ಧದ ಎದುರು ಬಾಳುವುದಿಲ್ಲ ಎಂಬುದೂ ಸತ್ಯ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೇ ಕೈತಪ್ಪಿತು. 1799ರಲ್ಲಿ ಯೋಜಕನೇ ಇಲ್ಲವಾದ.

ಆದರೆ ಗಿಡಕ್ಕೆ ರಾಜ್ಯ ಯಾರದೆಂಬ ಗೊಡವೆಯಿಲ್ಲ. ಕಸುಬು ಹಳ್ಳಿಗಳಲ್ಲಿ ಬೇರುಬಿಟ್ಟಿತು. 1860ರ ದಶಕದಲ್ಲಿ ರೋಗ ಬಿದ್ದು ಹುಳು ಸತ್ತವು, ಸಾಕುವವರು ಕಂಗೆಟ್ಟರು. ಶತಮಾನದ ಕೊನೆಗೆ ಜಮ್‌ಷೆಡ್‌ಜಿ ಟಾಟಾ ಜಪಾನಿನ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟ ನಡೆಸಿದರು. ಆ ಜಾಗಕ್ಕೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದೂ ಉಳಿದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಬಂತು. ಸುಲ್ತಾನ, ಪಾರ್ಸಿ ಉದ್ಯಮಿ, ಮಹಾರಾಜ ಹೀಗೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೆಗಲು ಕೊಟ್ಟರು. ಇಂದು ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ರಾಜ್ಯ ಕರ್ನಾಟಕವೇ.

ರಾಮನಗರದ ಅಥವಾ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋಗಿ ನೋಡಬೇಕು. ಗೂಡು ತಂದವರು ಗೌಡರು, ರೆಡ್ಡಿಗಳು, ದಲಿತರು. ಕೊಳ್ಳಲು ನಿಂತವರಲ್ಲಿ ಹೆಚ್ಚಿನವರು ಮುಸ್ಲಿಮ್ ರೀಲರುಗಳು. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬದುಕಿಲ್ಲ. ಮಾರುಕಟ್ಟೆಯಿಂದ ಗೂಡು ನಮ್ಮ ಮೊಹಲ್ಲಾಗಳಿಗೆ ಬರುತ್ತದೆ. ಅಲ್ಲಿ ಕುದಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವವರು ನಮ್ಮ ಅಕ್ಕತಂಗಿಯರು. ಬೊಬ್ಬೆಯೆದ್ದ ಆ ಬೆರಳುಗಳನ್ನು ಸೀರೆ ಉಟ್ಟವರು ನೋಡುವುದಿಲ್ಲ. ಯೋಜನೆ ಬರೆಯುವವರೂ ನೋಡುವುದಿಲ್ಲ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿಯಿತು. ರೈತ ಹಿಪ್ಪುನೇರಳೆ ಕಿತ್ತರೆ ರೀಲರನ ಒಲೆಯೂ ಆರುತ್ತದೆ. ಕಾಗದದ ಮೇಲೆ ಒಂದು ಅಂಕಿ ಬದಲಿಸುವ ಮುನ್ನ ಹೊಲಕ್ಕೆ, ಒಲೆಗೆ ಏನಾಗುತ್ತದೆಂದು ಕೇಳುವುದೇ ಮುಂದಾಲೋಚನೆ. ಹುಳು ತಂದವರನ್ನೇ ಕೇಳಿ ಜಾಗ ಗೊತ್ತುಮಾಡು ಎಂದು 1786ರಲ್ಲಿ ಒಬ್ಬ ಅರಸನಿಗೆ ತೋಚಿತ್ತು. ದೊಡ್ಡ ದೊಡ್ಡ ಉದ್ಯಮಗಳಿಗೆ ಹಳ್ಳಿಗಳ ನೆಲ ಅಳೆಯುವ ನಮ್ಮ ಕಾಲಕ್ಕೆ, ಆ ನೆಲದವರನ್ನು ಮೊದಲು ಕೇಳುವುದು ಮಾತ್ರ ಭಾರವಾಗಿ ಕಾಣುತ್ತದೆ.

ಬಂಗಾಳಕ್ಕೆ ಹೋದ ಆ ಇಬ್ಬರ ಹೆಸರನ್ನು ಇನ್ನೊಮ್ಮೆ ಓದಿಕೊಳ್ಳೋಣ. ಬುರ್ಹಾನುದ್ದೀನ್, ಕಸ್ತೂರಿ ರಂಗ. ದೂರದ ದಾರಿಯಲ್ಲಿ, ಬಿಸಿಲು ಮಳೆಗಳಲ್ಲಿ, ಒಂದು ಜೀವ ಸಾಯದಂತೆ ಇಬ್ಬರೂ ಕೂಡಿ ಕಾಪಾಡಿಕೊಂಡು ಬಂದರು. ಅವರು ಬರುವ ಹೊತ್ತಿಗೆ ಇಲ್ಲಿ ಯಾರೋ ಗಿಡ ನೆಟ್ಟು ನೀರು ಹಾಕುತ್ತಿದ್ದರು. ಅವರ ಹೆಸರು ಯಾವ ಪತ್ರದಲ್ಲೂ ಇಲ್ಲ. ನಾವು ಅವರ ಕಡೆಯವರು.