ಯುಗಾದಿಯ ರಜೆ ಮತ್ತು ಅದರ ಹೆಸರು

ಚೆನ್ನೈನ ವೆಸ್ಟ್ ಮಾಂಬಲಂನ ಕನ್ನಡ ಮನೆಗಳಲ್ಲಿ ಚೈತ್ರ ಶುದ್ಧ ಪಾಡ್ಯಮಿಯಂದು ಬೇವುಬೆಲ್ಲವನ್ನು ಹಂಚಿ ಪಂಚಾಂಗಶ್ರವಣ ಮಾಡುವ ರೂಢಿಯುಂಟು. ಅಂದು ತಮಿಳುನಾಡಿನ ಬ್ಯಾಂಕುಗಳಿಗೂ ರಜೆ. ಆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನನ್ವಯ ರಾಜ್ಯ ಸರಕಾರವು ಪ್ರಕಟಿಸುವ ರಜಾಪಟ್ಟಿಯಲ್ಲಿ ಆ ದಿನಕ್ಕಿರುವ ಹೆಸರು ‘ತೆಲುಗು ಹೊಸವರ್ಷದ ದಿನ’ ಎಂದು.

ಈ ಹೆಸರು ನಿಷ್ಕಾರಣವಾದುದಲ್ಲ. ತಮಿಳರ ವರ್ಷವು ಮೇಷ ಸಂಕ್ರಮಣದಿಂದ ಮೊದಲಾಗುವ ಸೌರವರ್ಷ, ತೆಲುಗರದು ಚಾಂದ್ರಮಾನ. ಆದರೆ ಚಾಂದ್ರಮಾನವು ಯಾವುದೇ ಒಂದು ಭಾಷೆಯವರ ಸೊತ್ತಲ್ಲ. ಮಹಾರಾಷ್ಟ್ರದ ಗುಡಿಪಾಡ್ವವೂ ಇದೇ ದಿನ. ಕನ್ನಡನಾಡಿನಲ್ಲಂತೂ, ಬಾದಾಮಿಯಲ್ಲಿರುವ ಒಂದನೆಯ ಪುಲಕೇಶಿಯ ಶಾಸನವು ಶಕ 465ರದು, ಎಂದರೆ ಕ್ರಿ. ಶ. 543ರದು. ಮುಂದಿನ ಅರಸರ ಅಸಂಖ್ಯ ಶಾಸನಗಳೂ ಶಕವರ್ಷದಲ್ಲಿಯೇ ಕಾಲವನ್ನು ಗಣಿಸಿವೆ. ಚಾಂದ್ರಮಾನ ಪಂಚಾಂಗದ ಶಕವರ್ಷವು ಹೊಸತಾಗುವುದು ಈ ಪಾಡ್ಯಮಿಯಂದೇ.

ಕನ್ನಡಿಗರಿಗೆ ರಜೆ ದೊರೆತಿದೆ. ಮನ್ನಣೆ ಪೂರ್ಣವಾಗಿ ದೊರೆತಿಲ್ಲ. ‘ಯುಗಾದಿ’ ಎಂಬ ಮಾತೊಂದು ಪಟ್ಟಿಗೆ ಸೇರಿದರೆ ತೆಲುಗರಿಗೆ ನಷ್ಟವೇನೂ ಇಲ್ಲ. ಅದು ಅವರದೂ ಹೌದು, ಕನ್ನಡಿಗರದೂ ಹೌದು.