ಶಾನುಭೋಗರ ಕಡತ: ಲೆಕ್ಕದ ಒಡೆತನವೂ ನ್ಯಾಯಸ್ಥಾನದ ಸಾಕ್ಷ್ಯವೂ

ಈಗಿನ ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟಿಗೆ ಕಡತವೆಂಬ ಹೆಸರು ಸಲ್ಲುತ್ತಿದೆ. ಈ ಶಬ್ದಕ್ಕೆ ಮೊದಲಿದ್ದ ಅರ್ಥವು ಬೇರೆ. ಅರಿವೆಗೆ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕರಿಯ ಪುಸ್ತಕವೇ ಕಡತ. 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸನು ಇದನ್ನು ವರ್ಣಿಸಿ, ಅಗಲವನ್ನು 8ರಿಂದ 12 ಅಂಗುಲ, ಉದ್ದವನ್ನು 12ರಿಂದ 18 ಅಡಿ ಎಂದು ಹೇಳಿರುವನು. ಬರೆಯುವ ಸಾಧನವು ಬಳಪ. ಬರೆದುದನ್ನು ಅಳಿಸಿ ಪುನಃ ಬರೆಯಬಹುದಾಗಿದ್ದುದು ಕಡತದ ಗುಣವೂ ಹೌದು, ದೋಷವೂ ಹೌದು. ಅಳಿಸಬಹುದಾದ ಲೆಕ್ಕವನ್ನು ನ್ಯಾಯಾಧಿಪತಿಯು ಎಷ್ಟರಮಟ್ಟಿಗೆ ನಂಬಬಹುದು, ಆ ಲೆಕ್ಕವು ಯಾರ ಸ್ವತ್ತು ಎಂಬೆರಡು ಪ್ರಶ್ನೆಗಳು ಅಂದಿನಿಂದ ಇಂದಿನವರೆಗೂ ಉಳಿದುಬಂದಿವೆ.

ಗುಂಡ್ಲುಪೇಟೆ, ಚಾಮರಾಜನಗರಗಳ ಸೀಮೆಗೆ ಈ ವಿಚಾರದಲ್ಲಿ ವಿಶೇಷ ಸಂಬಂಧವುಂಟು. ಚಿಕ್ಕದೇವರಾಜ ಒಡೆಯರು ಪಟ್ಟವೇರುವುದಕ್ಕೆ ಮುಂಚೆ ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ ವಾಸವಾಗಿದ್ದರು. 1673ರಿಂದ 1704ರವರೆಗೆ ಆಳಿದ ಈ ದೊರೆಯು ರಾಜ್ಯದ ಕಾರ್ಯಗಳನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿ, ಅಂಚೆಯ ಏರ್ಪಾಡನ್ನೂ ಮಾಡಿದರು. ಅಂಚೆಯವರು ಓಲೆಗಳನ್ನು ಸಾಗಿಸುವುದರ ಜೊತೆಗೆ ತಮ್ಮ ತಮ್ಮ ಸ್ಥಳಗಳ ಗುಪ್ತ ವರ್ತಮಾನಗಳನ್ನೂ ತಿಳಿಸಬೇಕಾಗಿತ್ತೆಂದು ವಿಲ್ಕ್ಸನು ಬರೆದಿರುವನು. ಸುದ್ದಿಯನ್ನು ಸಾಗಿಸುವ ಸಾಧನವೇ ಸುದ್ದಿಯನ್ನು ಸಂಗ್ರಹಿಸುವ ಸಾಧನವೂ ಆಗುವುದು ಈ ಕಾಲದ ಹೊಸತಲ್ಲವೆಂಬುದು ಇದರಿಂದ ವಿದಿತವಾಗುವುದು.

ಗ್ರಾಮದ ಮಟ್ಟದಲ್ಲಿ ಲೆಕ್ಕವು ಶಾನುಭೋಗರ ಕೈಯಲ್ಲಿತ್ತು. ಅವರ ವೃತ್ತಿಯು ವಂಶಪಾರಂಪರ್ಯವಾದುದು. ದಫ್ತರವಿರುತ್ತಿದ್ದುದು ಸಾಮಾನ್ಯವಾಗಿ ಅವರ ಮನೆಯಲ್ಲಿಯೇ. ಹೊಲದ ಎಲ್ಲೆ, ಕಂದಾಯದ ಬಾಕಿ, ಸಾಗುವಳಿಯ ವಿವರ ಇವೆಲ್ಲವೂ ಊರಿನವು. ಅವನ್ನಿಟ್ಟಿದ್ದ ಪೆಟ್ಟಿಗೆಯು ಮನೆತನದ್ದು. ವ್ಯಾಜ್ಯವು ಹುಟ್ಟಿದಾಗ ವಾದಿ ಪ್ರತಿವಾದಿಗಳಿಬ್ಬರೂ ಆ ಪೆಟ್ಟಿಗೆಯತ್ತ ನೋಡಬೇಕಾಗಿತ್ತು. 1872ರ ಸಾಕ್ಷ್ಯ ಶಾಸನವು ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕಗಳನ್ನು ಗ್ರಾಹ್ಯವೆಂದು ಒಪ್ಪಿಯೂ, ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದು 34ನೆಯ ಪ್ರಕರಣದಲ್ಲಿ ಎಚ್ಚರಿಸಿತು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 11ನೆಯ ಆದೇಶವು ಎದುರು ಪಕ್ಷದ ವಶದಲ್ಲಿರುವ ದಸ್ತಾವೇಜುಗಳನ್ನು ಹೊರಗೆಡಹಿಸುವ ಕ್ರಮವನ್ನು ವಿಧಿಸಿತು.

ಗ್ರಾಮಾಧಿಕಾರಗಳ ರದ್ದಿಯಾತಿಗಾಗಿ 1961ರಲ್ಲಿ ರಚಿತವಾದ ಶಾಸನವು 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ಶಾನುಭೋಗರ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗರು ನಿಂತರು. ದಫ್ತರವು ಮನೆಯಿಂದ ಸರಕಾರಕ್ಕೆ ಸೇರಿತೆಂದು ಆಗ ತೋರಿತು. ಆದರೆ ಆರು ದಶಕಗಳ ಮೇಲೆ ಅದು ನೌಕರನ ಜೇಬಿಗೆ ಮರಳಿ ಬಂದಿತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ, ಅನೇಕ ಮೊಬೈಲ್ ಆ್ಯಪ್‌ಗಳ ಮೂಲಕ ಕೆಲಸಮಾಡಬೇಕಾದ ಹೊರೆಯೂ, ಅದಕ್ಕೆ ತಕ್ಕ ಸಲಕರಣೆಗಳ ಕೊರತೆಯೂ ಅವರ ಮುಖ್ಯ ದೂರುಗಳಲ್ಲಿ ಸೇರಿದ್ದುವು. ಸ್ವಂತ ಫೋನಿನಲ್ಲಿ ಸರಕಾರದ ಲೆಕ್ಕವೂ ಮನೆಯ ಮಾತೂ ಒಂದೇ ಕಡೆ ನೆಲಸುತ್ತವೆ. ಶಾನುಭೋಗರ ಪೆಟ್ಟಿಗೆಯಲ್ಲಾದರೋ ಕಡತವನ್ನು ಬೇರೆಯಾಗಿ ಎತ್ತಿಕೊಡಬಹುದಾಗಿತ್ತು.

ಅಳಿಸುವಿಕೆಯ ಸಂದೇಹಕ್ಕೆ ಶಾಸನವು ಉತ್ತರವನ್ನು ಹುಡುಕಿದೆ. ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವಿರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೂ 2020ರಲ್ಲಿಯೂ ತೀರ್ಮಾನಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಮಾಣಪತ್ರದಲ್ಲಿ ದಾಖಲೆಯ 'ಹ್ಯಾಷ್' ಮೌಲ್ಯವನ್ನೂ ನಮೂದಿಸಬೇಕು. ಒಂದಕ್ಷರ ಬದಲಾದರೂ ಈ ಮೌಲ್ಯವು ಬೇರೆಯಾಗುವುದು. ಬಳಪದ ಬರಹಕ್ಕೆ ಇಂತಹ ಮುದ್ರೆಯಿರಲಿಲ್ಲ.

ಒಡೆತನದ ಪ್ರಶ್ನೆಯು ಇಷ್ಟು ಸುಲಭವಲ್ಲ. ವಾಣಿಜ್ಯ ವ್ಯಾಜ್ಯಗಳಲ್ಲಿ ಪಕ್ಷಗಾರರು ತಮ್ಮ ವಶದಲ್ಲಿ ಅಥವಾ ಅಧೀನದಲ್ಲಿರುವ ಸಂಬಂಧಪಟ್ಟ ವಿದ್ಯುನ್ಮಾನ ದಾಖಲೆಗಳನ್ನೂ ಪ್ರಕಟಿಸಬೇಕೆಂದು 2015ರ ಶಾಸನವು ವಿಧಿಸಿದೆ. ನೌಕರನ ಸ್ವಂತ ಫೋನು ಯಜಮಾನನ ಅಧೀನದಲ್ಲಿದೆಯೆ? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ನಿರ್ಣಯವಾಯಿತು. ಆದುದರಿಂದ ಲೆಕ್ಕವನ್ನು ಕೇಳುವ ಅಧಿಕಾರದಿಂದಲೇ ಪೆಟ್ಟಿಗೆಯನ್ನೆಲ್ಲಾ ಶೋಧಿಸುವ ಅಧಿಕಾರವು ಹುಟ್ಟಲಾರದು. ಕೆಲಸದ ದಾಖಲೆಗೆ ಪ್ರತ್ಯೇಕ ಸಾಧನವನ್ನು ಯಜಮಾನನೇ ಒದಗಿಸಿ, ಉಳಿಸುವ ಕ್ರಮವನ್ನು ವ್ಯಾಜ್ಯಕ್ಕೆ ಮುಂಚೆಯೇ ಗೊತ್ತುಪಡಿಸುವುದೇ ಉಭಯರಿಗೂ ಕ್ಷೇಮ. ಕಡತವು ಊರಿನದಾಗಿ, ಪೆಟ್ಟಿಗೆಯು ಮನೆಯದಾಗಿ ಉಳಿದ ಕಾಲದ ಚರಿತ್ರೆಯು ಕಲಿಸುವ ಪಾಠವೂ ಇದೇ.