ಸಿಕ್ಕ ಗ್ರಂಥಕ್ಕೆ ಒಡೆಯರಾರು?

ಹಳಗನ್ನಡದ ಓಲೆಗರಿಗಳಲ್ಲಿ ಪಾಠಾಂತರಗಳನ್ನು ಹುಡುಕುವುದು ನನ್ನ ಕಸುಬು. ಕಳೆದುಹೋಗಿದ್ದ ಕಾವ್ಯವೊಂದು ಸಿಕ್ಕಿತೆಂದರೆ ನಮ್ಮಂಥವರಿಗೆ ಹಬ್ಬ. ಕವಿ ತೀರಿಕೊಂಡು ಶತಮಾನಗಳೇ ಆಗಿರುವುದರಿಂದ, ಅಚ್ಚುಹಾಕಲು ಆತನ ಅಪ್ಪಣೆ ಬೇಕೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಗಣಕಯಂತ್ರದ ಗ್ರಂಥಗಳ ಮಾತು ಹಾಗಲ್ಲವೆಂಬುದು ಯುನಿಕ್ಸಿನ ಚರಿತ್ರೆಯನ್ನು ಓದಿದಾಗ ನನಗೆ ಮನದಟ್ಟಾಯಿತು.

ಯಂತ್ರವು ನಡೆಯಬೇಕಾದ ರೀತಿಯನ್ನು ಮನುಷ್ಯರು ಬರೆದಿಟ್ಟ ಪಾಠಕ್ಕೆ ಮೂಲಸಂಕೇತವೆಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು 1969ರಲ್ಲಿ ಆರಂಭಿಸಿದ ಯುನಿಕ್ಸಿನ ಮೂಲಸಂಕೇತ ಎ.ಟಿ. ಅಂಡ್ ಟಿ. ಕಂಪನಿಯ ಸ್ವತ್ತಾಗಿತ್ತು. ಆಸ್ಟ್ರೇಲಿಯದ ಅಧ್ಯಾಪಕ ಜಾನ್ ಲಯನ್ಸ್ ಅದರ ಆರನೆಯ ಆವೃತ್ತಿಗೆ ವ್ಯಾಖ್ಯಾನ ಬರೆದು ಪಾಠ ಹೇಳಿದರು. 1979ರ ಏಳನೆಯ ಆವೃತ್ತಿಯ ಲೈಸೆನ್ಸು ತರಗತಿಯ ಪಾಠವನ್ನೇ ತಡೆಯಿತು. ಲಯನ್ಸರ ವ್ಯಾಖ್ಯಾನವನ್ನು ವಿದ್ಯಾರ್ಥಿಗಳು ಕದ್ದು ನಕಲುಮಾಡಿ ಓದಿದರು. ಅದು ರಾಜಾರೋಷವಾಗಿ ಅಚ್ಚಾದದ್ದು 1996ರಲ್ಲಿ. ಪಾಠ ಹೇಳಿ ಬದುಕುವ ನನಗೆ ಇದನ್ನು ಓದಿ ನೋವಾಯಿತು.

ಈ ನಡುವೆ ಮೊದಲ ಆವೃತ್ತಿಯ ಮೂಲಸಂಕೇತವೇ ಕಣ್ಮರೆಯಾಗಿತ್ತು. ಹಳೆಯ ಆವೃತ್ತಿಗಳನ್ನು ಓದಲು 1998ರಲ್ಲಿ ಎಸ್.ಸಿ.ಓ. ಕಂಪನಿ 100 ಡಾಲರಿನ ಲೈಸೆನ್ಸು ಕೊಡತೊಡಗಿತು. ಅದರ ಯುನಿಕ್ಸ್ ವ್ಯವಹಾರವನ್ನು ಕೊಂಡ ಕ್ಯಾಲ್ಡೆರಾ 2002ರ ಜನವರಿಯಲ್ಲಿ ಉದಾರವಾದ ಲೈಸೆನ್ಸನ್ನು ಆರಿಸಿತು: ಹಕ್ಕುದಾರರ ಹೆಸರನ್ನು ಅಳಿಸದೆ, ಯಾರು ಬೇಕಾದರೂ ನಕಲುಮಾಡಿ, ತಿದ್ದಿ, ಹಂಚಬಹುದು. ಅದರ ನೆರಳಿನಲ್ಲೇ 2008ರಲ್ಲಿ ವಾರೆನ್ ಟೂಮಿ ಮತ್ತವರ ಸಂಗಡಿಗರು, ಕಾಗದದ ಮೇಲೆ ಉಳಿದಿದ್ದ 1972ರ ಮುದ್ರಿತ ಪ್ರತಿಯೊಂದನ್ನು ಅಕ್ಷರ ಅಕ್ಷರವಾಗಿ ತಿದ್ದಿ, ಮೊದಲ ಆವೃತ್ತಿಯ ತಿರುಳನ್ನು ಮತ್ತೆ ಓಡಿಸಿದರು. ನಮ್ಮ ಗ್ರಂಥಸಂಪಾದಕರು ಮೆಚ್ಚುವ ಕೆಲಸ!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕ್ಯಾಲ್ಡೆರಾ ತಾನೇ ಎಸ್.ಸಿ.ಓ. ಎಂಬ ಹೆಸರು ತಾಳಿ ನೋವೆಲ್ ಕಂಪನಿಯೊಡನೆ ವ್ಯಾಜ್ಯಕ್ಕಿಳಿಯಿತು. ಯುನಿಕ್ಸಿನ ಗ್ರಂಥಸ್ವಾಮ್ಯ ನೋವೆಲ್‌ನ ಕೈಬಿಟ್ಟು ಹೋಗಿಯೇ ಇಲ್ಲವೆಂದು 2010ರಲ್ಲಿ ಯೂಟಾದ ನ್ಯಾಯದರ್ಶಿಗಳು ತೀರ್ಮಾನಿಸಿದರು. ಹಾಗಾದರೆ 2002ರ ದಾನದ ಗತಿಯೇನು? ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುವಂತಾಯಿತೆ?

ಲೈಸೆನ್ಸಿನ ಮಾತು ಎಷ್ಟು ಉದಾರವಾಗಿದ್ದರೂ ಕೊಡುವವನಿಗೆ ಹಕ್ಕಿಲ್ಲದಿದ್ದರೆ ಅದು ನಿಲ್ಲದು. ಹಳೆಯ ಸಂಕೇತವನ್ನು ಉಳಿಸಹೊರಟವರು ಮೊದಲು ನಿಜವಾದ ಒಡೆಯರನ್ನು ಹುಡುಕಿ, ಅವರು ಬದುಕಿರುವಾಗಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಓಲೆಗರಿಗೆ ಗೆದ್ದಲಿನ ಭಯವೊಂದೇ. ಈ ಗ್ರಂಥಗಳಿಗೆ ಕ್ರಯಪತ್ರಗಳ ಭಯವೂ ಉಂಟು.